ಪರದೇಶ ವಿದ್ಯಾರ್ಜನೆ: ವಿದ್ಯಾರ್ಥಿಯ ಅನುಬಂಧ ಚತುಷ್ಟಯ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 



ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಸೀಮೆಗಳ ಮನೆಗಳಲ್ಲಿ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿರುವದು. ಮಗನಾಗಲಿ ಮಗಳಾಗಲಿ ಇಲ್ಲಿಯ ಪದವಿಯನ್ನು ಮುಗಿಸಿ, ಮುಂದಿನ ವ್ಯಾಸಂಗಕ್ಕೆ ಪರದೇಶಕ್ಕೆ ಹೋಗುವೆನೆಂದು ಹೇಳುವರು. ಆಗ ಎರೆಹೊಲದ ಒಕ್ಕಲಿಗನಾದ ತಂದೆ ಕೇಳುವ ಪ್ರಶ್ನೆ ಒಂದೇ: "ತಮ್ಮಾ, ಅಲ್ಲಿ ಹೋಗಿ ಏನ ಕಲೀತಿ? ಅದು ಇಲ್ಲಿ ಸಿಗೂದಿಲ್ಲೇನು?" ಮಗನು ಉತ್ತರಕ್ಕೆ ತಡವರಿಸುವನು. ತಂದೆ ಆ ತಡವರಿಕೆಯನ್ನು ಹಟವೆಂದು ತಿಳಿಯುವನು; ಮಗನು ತಂದೆಯ ಪ್ರಶ್ನೆಯನ್ನು ಅಜ್ಞಾನವೆಂದು ತಿಳಿಯುವನು. ಎರಡೂ ತಿಳುವಳಿಕೆಗಳು ತಪ್ಪು. ತಂದೆಯ ಪ್ರಶ್ನೆಯು ಶುದ್ಧ ಶಾಸ್ತ್ರೀಯವಾದ ಪ್ರಶ್ನೆಯಾಗಿರುವದು. ಆತನು ಸಾಲೆ ಕಲಿಯದಿದ್ದರೂ ಪ್ರಶ್ನೆ ಮಾತ್ರ ಪಂಡಿತರದು.

ಅದು ಹೇಗೆಂದರೆ, ಯಾವ ಶಾಸ್ತ್ರಗ್ರಂಥವನ್ನಾದರೂ ಪಾಠಕ್ಕೆ ತೆಗೆದುಕೊಳ್ಳುವ ಮುನ್ನ ಪಾಠಶಾಲೆಗಳಲ್ಲಿ ನಾಲ್ಕು ಸಂಗತಿಗಳನ್ನು ವಿಚಾರಿಸುವ ಪದ್ಧತಿ ಉಂಟು. ಇದನ್ನು ಕಲಿಯಲು ತಕ್ಕವನು ಯಾರು? ಇದರಲ್ಲಿ ಕಲಿಯತಕ್ಕದ್ದು ಯಾವದು? ಆ ಕಲಿಯುವದಕ್ಕೂ ಈ ಗ್ರಂಥಕ್ಕೂ ಇರುವ ಕೂಡಿಕೆ ಎಂಥದು? ಕಲಿತುದರ ಫಲವೇನು? ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಈ ನಾಲ್ಕಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇವುಗಳಿಗೆ ಉತ್ತರ ಸಿಕ್ಕ ಮೇಲೆಯೇ ಗ್ರಂಥದ ಕಟ್ಟನ್ನು ಬಿಚ್ಚುವದು. ಸೋಜಿಗವೆಂದರೆ, ಇಂದಿನ ವಿದೇಶೀಯ ವಿಶ್ವವಿದ್ಯಾಲಯಗಳೂ ಪ್ರವೇಶವನ್ನು ಬೇಡುವವನಿಂದ ಅಂಕಪಟ್ಟಿಯ ಸಂಗಡ ಒಂದು ಉದ್ದೇಶಪತ್ರವನ್ನು ಬರೆಸಿಕೊಳ್ಳುವವು. ನೀನು ಯಾರು, ಏನನ್ನು ಓದಬಯಸುವೆ, ನಮ್ಮಲ್ಲಿಯೇ ಏಕೆ, ಓದಿ ಮಾಡುವದೇನು ಎಂಬವೇ ಅಲ್ಲಿಯ ಪ್ರಶ್ನೆಗಳು. ಅಂದಮೇಲೆ ಹೊಲದ ಬದುವಿನ ಮೇಲೆ ನಿಂತ ತಂದೆಯೂ, ಪಾಠಶಾಲೆಯ ಪಂಡಿತರೂ, ಸಮುದ್ರದಾಚೆಯ ಆಚಾರ್ಯರೂ ಕೇಳುವದು ಒಂದನ್ನೇ. ಇದಕ್ಕೆ ಉತ್ತರವನ್ನು ವಿದ್ಯಾರ್ಥಿಯು ಹೇಗೆ ಕಂಡುಕೊಳ್ಳಬೇಕೆಂಬದೇ ಈ ಉಪನ್ಯಾಸದ ವಿಷಯ.

ಮೊದಲು ಒಂದು ಶಂಕೆಯನ್ನು ಪರಿಹರಿಸಬೇಕು. ವಿದ್ಯೆಗಾಗಿ ದೇಶವನ್ನು ಬಿಡುವದು ನಮ್ಮ ನಾಡಿಗೆ ಹೊಸದೆಂದು ಕೆಲವರು ತಿಳಿದಿರುವರು. ಹಾಗಲ್ಲ. ತಾಳಗುಂದದ ಕಂಬದ ಶಾಸನವು ಹೇಳುವಂತೆ ಮಯೂರಶರ್ಮನು ತನ್ನ ಅಜ್ಜನಾದ ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋದದ್ದು ಅಲ್ಲಿಯ ಘಟಿಕೆಯಲ್ಲಿ ವೇದವಿದ್ಯೆಯನ್ನು ಪೂರ್ಣವಾಗಿ ಕಲಿಯುವದಕ್ಕಾಗಿಯೇ. ಅಂದಿನ ಕನ್ನಡಿಗನಿಗೆ ಕಂಚಿಯು ಪರರಾಜ್ಯವಾಗಿದ್ದಿತು. ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾಗಿ, ಅವಮಾನಿತನಾದ ಆ ವಿದ್ಯಾರ್ಥಿಯು ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದು ಕದಂಬ ರಾಜ್ಯವನ್ನು ಕಟ್ಟಿದನು. ಹೋದ ಕಾರಣ ಒಂದು, ಬಂದ ಫಲ ಇನ್ನೊಂದು. ಆದರೂ ಹೋಗದೆ ಇದ್ದರೆ ಎರಡೂ ಇಲ್ಲ. ಇನ್ನು ಪರರು ನಮ್ಮ ನಾಡಿಗೆ ವಿದ್ಯೆಗಾಗಿ ಬರುವಷ್ಟು ದೊಡ್ಡ ಸ್ಥಾನಗಳೂ ಇಲ್ಲಿದ್ದವು. ಕಲಬುರ್ಗಿ ಜಿಲ್ಲೆಯ ನಾಗಾವಿಯ 1058ನೆಯ ಇಸವಿಯ ಶಾಸನದಲ್ಲಿ ಘಟಿಕಾಸ್ಥಾನದ ಉಪಾಧ್ಯಾಯರ ಜೊತೆಗೆ ಆರು ಜನ ಸರಸ್ವತೀಭಾಂಡಾರಿಗಳಿಗೂ, ಅಂದರೆ ಪುಸ್ತಕಗಳನ್ನು ಕಾಯುವವರಿಗೂ, ವೃತ್ತಿ ಬಿಟ್ಟಿರುವದು.

ನಡುಗಾಲದ ಧರ್ಮನಿಬಂಧಗಳು ಸಮುದ್ರಯಾನವನ್ನು ಕಲಿಯುಗದಲ್ಲಿ ವರ್ಜ್ಯವೆಂದು ಎಣಿಸಿದವು. ಆ ನಿಷೇಧದಿಂದ ಎಷ್ಟೋ ಕುಲಗಳಲ್ಲಿ ವಿಲಾಯತಿಗೆ ಹೋಗಿಬಂದವರು ಪ್ರಾಯಶ್ಚಿತ್ತಕ್ಕೆ ಗುರಿಯಾದರು. ಆದರೆ ಇಷ್ಟಲಿಂಗವನ್ನು ಮೈಮೇಲೆಯೇ ಧರಿಸಿದವನಿಗೆ ದೇವರನ್ನು ಊರಲ್ಲಿ ಬಿಟ್ಟುಹೋದೆನೆಂಬ ಭಯಕ್ಕೆ ಎಡೆಯೆಲ್ಲಿ? ಕಾಯಕವು ಎಲ್ಲಿ ನಡೆಯುವದೋ ಅಲ್ಲಿಯೇ ಪೂಜೆಯೂ ನಡೆಯುವದು. ಆದುದರಿಂದ ಹೋಗಬಹುದೇ ಎಂಬ ಪ್ರಶ್ನೆಯು ಇಲ್ಲಿ ಏಳುವದಿಲ್ಲ. ಏಕೆ ಹೋಗಬೇಕು ಎಂಬದೊಂದೇ ಪ್ರಶ್ನೆ.

ಅಧಿಕಾರಿ

ಒಂದು ಕಾಲಕ್ಕೆ ಈ ಸೀಮೆಯ ಹುಡುಗನಿಗೆ ಧಾರವಾಡವೇ ಪರದೇಶವಾಗಿದ್ದಿತು. ರೋಣಕ್ಕೆ ರೈಲು ಇಲ್ಲ. ಹೊಳೆ ಆಲೂರಿನ ನಿಲ್ದಾಣಕ್ಕೆ ಹೋಗಿ ಗಾಡಿ ಹತ್ತಬೇಕು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಉಚ್ಚ ವ್ಯಾಸಂಗಕ್ಕೆ ಪುಣೆ-ಮುಂಬಯಿಗಳೇ ಗತಿ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿದ್ದು, ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ಧಪ್ಪನವರೂ ಅದಕ್ಕಾಗಿ ದುಡಿದದ್ದು, 1906ರಲ್ಲಿ ಬಾಗಲಕೋಟೆಯ ಸಂಘವೂ 1916ರಲ್ಲಿ ಬೆಳಗಾವಿಯ ಕರ್ನಾಟಕ ಲಿಂಗಾಯತ ವಿದ್ಯಾ ಸಂಸ್ಥೆಯೂ ತಲೆಯೆತ್ತಿದ್ದು ಈ ದೂರವನ್ನು ಕಡಿಮೆ ಮಾಡುವದಕ್ಕಾಗಿ. ನೆರೆಯ ನವಲಗುಂದ-ಶಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದ ವೀರಶೈವ ಮಹಾಸಭೆಯ ಪ್ರಥಮಾಧಿವೇಶನದ ಅಧ್ಯಕ್ಷರಾಗಿದ್ದವರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೃತ್ಯುಪತ್ರದಿಂದ ಬಿಟ್ಟರು. ಇಂಥ ಹಿರಿಯರ ಹೆಗಲ ಮೇಲೆ ನಿಂತು ಮುಂದಿನ ತಲೆಮಾರು ಸಮುದ್ರದ ಆಚೆಯನ್ನು ಕಂಡಿತು.

ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ದಾದಪ್ಪ ಚಿಂತಪ್ಪ ಪಾವಟೆಯವರು ಆ ತಲೆಮಾರಿನವರು. ಅವರು ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಓದಿ 1927ರಲ್ಲಿ ರ‍್ಯಾಂಗ್ಲರ್ ಆದರು. ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ವರ್ಗವನ್ನು ಪಡೆದವರಿಗೆ ಮಾತ್ರ ಸಲ್ಲುವ ಹೆಸರು ಅದು. ಅಧಿಕಾರಿಯೆಂದರೆ ಇಂಥವನು. ಹೋಗುವ ಮುನ್ನವೇ ತನ್ನ ವಿಷಯದಲ್ಲಿ ಇಲ್ಲಿ ಸಾಧ್ಯವಾದಷ್ಟನ್ನು ಸಾಧಿಸಿ, ಇನ್ನು ಮುಂದೆ ದಾರಿ ಕಾಣದೆ ನಿಂತವನೇ ಪರದೇಶ ವಿದ್ಯೆಗೆ ಅಧಿಕಾರಿ. ಇಲ್ಲಿಯ ಗ್ರಂಥಾಲಯದ ಬಾಗಿಲನ್ನು ತಟ್ಟದವನಿಗೆ ಅಲ್ಲಿಯ ಗ್ರಂಥಾಲಯವು ತೆರೆದಿದ್ದರೂ ಪ್ರಯೋಜನವಿಲ್ಲ. ಹಸಿವೆಯಿಲ್ಲದವನಿಗೆ ಪಂಕ್ತಿ ಬದಲಾಯಿಸಿದರೆ ರುಚಿ ಹತ್ತುವದುಂಟೇ?

ಅಧಿಕಾರಿಯು ಗಂಡೇ ಆಗಬೇಕೆಂಬ ನಿಯಮವೂ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜೇಶ್ವರಿಯವರು, ಮುಂದೆ ರಾಜೇಶ್ವರಿ ಚಟರ್ಜಿ ಎಂದು ಪ್ರಸಿದ್ಧರಾದವರು, 1947ರಲ್ಲಿ ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ವಿದ್ಯುತ್ ಎಂಜಿನಿಯರಿಂಗಿನಲ್ಲಿ ಡಾಕ್ಟರ್ ಪದವಿಯನ್ನು ಸಂಪಾದಿಸಿ, 1953ರಲ್ಲಿ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಇಂದು ಗಜೇಂದ್ರಗಡದ ನೇಕಾರರ ಮನೆಯ ಮಗಳು ಪರದೇಶದ ಮಾತನ್ನೆತ್ತಿದಾಗ, ಮದುವೆಯಾಗಲೆಂದು ಆ ಮಾತನ್ನು ಮುಚ್ಚಿಹಾಕುವ ಹಿರಿಯರು ಆಕೆಯ ಅಧಿಕಾರವನ್ನು ಪರೀಕ್ಷಿಸಲಿ. ಆಕೆ ಹೆಣ್ಣೆಂಬದನ್ನು ಪರೀಕ್ಷೆಯ ಪ್ರಶ್ನೆಯಾಗಿ ಇಡದಿರಲಿ.

ವಿಷಯ

ಎರಡನೆಯದು ವಿಷಯ. ಇಲ್ಲಿ ತಂದೆಯ ಪ್ರಶ್ನೆ ಚೂಪಾಗುವದು: ಅದು ಇಲ್ಲಿ ಸಿಗುವದಿಲ್ಲವೇ? ಸಿಗುವದಾದರೆ ಹೋಗುವದು ವ್ಯರ್ಥ ವೆಚ್ಚ. ಆದರೆ ಕೆಲವು ಸಾರಿ ನಮ್ಮದೇ ವಸ್ತುವು ನಮ್ಮಲ್ಲಿ ಸಿಗದೆ ದೂರದಲ್ಲಿ ಸಿಗುವದುಂಟು. ರೋಣದ ಹತ್ತಿರದ ಸೂಡಿಯನ್ನು ನೋಡಿರಿ. ಜೋಡುಕಳಸದ ಗುಡಿಯೂ ನಾಗಕುಂಡವೂ ಇರುವ ಆ ಊರಿನ ಚಾಲುಕ್ಯ ಶಾಸನಗಳನ್ನು ದನಕಾಯುವ ಹುಡುಗರು ದಿನಾಲೂ ಕಂಡರು; ಓದಿದವರಿಲ್ಲ. ಅವುಗಳನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ ಹದಿನೈದನೆಯ ಸಂಪುಟದಲ್ಲಿ ಪ್ರಕಟಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪೌರಸ್ತ್ಯ ಗ್ರಂಥಗಳ ಪಾಲಕರಾಗಿದ್ದ ಲಯನೆಲ್ ಬಾರ್ನೆಟ್. ಕಲ್ಲು ಸೂಡಿಯಲ್ಲಿ, ಕಲ್ಲನ್ನು ಓದುವ ವಿದ್ಯೆ ಲಂಡನ್ನಿನಲ್ಲಿ! ಇದನ್ನು ಕೇಳಿ ನಾಚಿಕೊಳ್ಳುವದಕ್ಕಿಂತ ಆ ವಿದ್ಯೆಯನ್ನು ತರುವದು ಮೇಲು.

ಹಾಗೆ ತಂದವರೂ ಉಂಟು. ಶಿ. ಚ. ನಂದೀಮಠರು ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್.ಡಿ. ಪದವಿಯನ್ನು ಪಡೆದರು. ಅವರು ಓದಿದ್ದು ಎಂಜಿನಿಯರಿಂಗನ್ನಲ್ಲ, ಕಾಯಿದೆಯನ್ನಲ್ಲ. ಶೈವಾಗಮಗಳನ್ನೂ ವೀರಶೈವ ಸಿದ್ಧಾಂತವನ್ನೂ. ಮಠದ ಮಗನು ತನ್ನ ಮತದ ತತ್ತ್ವವನ್ನು ತಿಳಿಯಲು ಥೇಮ್ಸ್ ನದಿಯ ದಡಕ್ಕೆ ಹೋಗಬೇಕೇ ಎಂದು ಕೇಳಬಹುದು. ತತ್ತ್ವವು ಇಲ್ಲಿಯೇ ಇದ್ದಿತು. ಆದರೆ ಒಂದು ಗ್ರಂಥವನ್ನು ಇನ್ನೊಂದರೊಡನೆ ಹೋಲಿಸಿ, ಕಾಲನಿರ್ಣಯ ಮಾಡಿ, ಪಾಠಾಂತರಗಳನ್ನು ತೂಗಿ, ಪರರಿಗೂ ಒಪ್ಪುವಂತೆ ಸಾಧಿಸಿ ತೋರಿಸುವ ಸಂಶೋಧನ ಕ್ರಮವು ಆಗ ಇಲ್ಲಿ ಬೆಳೆದಿರಲಿಲ್ಲ. ಅವರು ತಂದದ್ದು ಆ ಕ್ರಮವನ್ನು. ಅದರ ಫಲವೇ 1942ರಲ್ಲಿ ಧಾರವಾಡದಿಂದ ಹೊರಬಂದ 'ಹ್ಯಾಂಡ್‌ಬುಕ್ ಆಫ್ ವೀರಶೈವಿಜಂ' ಎಂಬ ಇಂಗ್ಲಿಷ್ ಗ್ರಂಥ. ವಿಷಯವನ್ನು ಹೀಗೆ ಆರಿಸಬೇಕು. 'ಮ್ಯಾನೇಜ್‌ಮೆಂಟ್ ಓದುವೆನು' ಎಂಬದು ವಿಷಯವಲ್ಲ; ಅದು ಹಲಗೆಯ ಮೇಲಿನ ಹೆಸರು. ಯಾವ ಸಂದೇಹವು ನಿದ್ದೆಗೆಡಿಸುತ್ತಿರುವದೋ ಅದು ವಿಷಯ.

ಇದರ ಎದುರು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗಲಾರದು. ವಚನಗಳ ತಾಳೆಯೋಲೆಗಳನ್ನು ಮನೆಮನೆ ತಿರುಗಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರಗೆಡವಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದ ಫ. ಗು. ಹಳಕಟ್ಟಿಯವರು ವಿಜಾಪುರದ ವಕೀಲರು. ಅವರ ವಿದ್ಯೆಯೂ ಕಾರ್ಯವೂ ಈ ನಾಡಿನ ಒಳಗಿನವು. ರೋಣ ತಾಲೂಕಿನ ಹೊಳೆ ಆಲೂರಿನಲ್ಲಿ 1906ರಲ್ಲಿ ಜನಿಸಿದ ರಂ. ಶ್ರೀ. ಮುಗಳಿಯವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು ಬರೆದ 'ಕನ್ನಡ ಸಾಹಿತ್ಯ ಚರಿತ್ರೆ'ಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಇವರ ವಿಷಯವು ಇಲ್ಲಿದ್ದಿತು; ಇಲ್ಲಿಯೇ ಸಾಧಿಸಿದರು. ವಿಷಯವು ಎಲ್ಲಿರುವದೋ ಅಲ್ಲಿಗೆ ವಿದ್ಯಾರ್ಥಿ ಹೋಗತಕ್ಕದ್ದು. ಹಡಗನ್ನು ಮೊದಲು ಗೊತ್ತುಮಾಡಿ ಆ ಮೇಲೆ ವಿಷಯವನ್ನು ಹುಡುಕುವದು, ಕುದುರೆಯ ಮುಂದೆ ಬಂಡಿಯನ್ನು ಹೂಡಿದಂತೆ.

ಸಂಬಂಧ

ಮೂರನೆಯದಾದ ಸಂಬಂಧವನ್ನು ಹೆಚ್ಚಿನ ವಿದ್ಯಾರ್ಥಿಗಳು ಮರೆಯುವರು. ಕಲಿಯುವ ವಿದ್ಯೆಗೂ ಕಲಿಯುವವನ ನೆಲಕ್ಕೂ ಇರುವ ಕೂಡಿಕೆಯೇ ಸಂಬಂಧ. ಈ ಮೂರು ಸೀಮೆಗಳಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದಲ್ಲಿ ಕಾಲುವೆಗಳು ಬಂದವು. ನೀರು ಸರಿಯಾಗಿ ಮುಟ್ಟುವ ಮುನ್ನವೇ ಅಭಿವೃದ್ಧಿ ಕರದ ಹೊರೆ ಬಂದಿತು. ಅದರಿಂದ 1980ನೆಯ ಇಸವಿ ಜುಲೈ 21ರಂದು ನರಗುಂದದಲ್ಲಿ ರೈತರು ಎದ್ದರು, ಗುಂಡುಗಳು ಹಾರಿದವು, ರಕ್ತ ಚೆಲ್ಲಿತು. ನೀರು ಬಂದ ಕಡೆಗಳಲ್ಲಿಯೂ ಎರೆಭೂಮಿಯು ನೀರನ್ನು ಹಿಡಿದಿಟ್ಟು ಸವಳು ಜವಳಾಗುವ ಕಷ್ಟ ಉಂಟು. ಎರೆಮಣ್ಣು ನೀರು ಕುಡಿದರೆ ಉಬ್ಬುವದು, ಒಣಗಿದರೆ ಆಳವಾಗಿ ಬಿರಿಯುವದು. ಬಸಿಗಾಲುವೆಯಿಲ್ಲದೆ ಸತತವಾಗಿ ನೀರುಣಿಸಿದರೆ ಕೆಳಗಿನ ಉಪ್ಪು ಮೇಲಕ್ಕೇರಿ ಬೆಳೆಯನ್ನು ಕೊಲ್ಲುವದು. 2015ರಿಂದ ಮಹಾದಾಯಿಯ ಕಳಸಾ-ಬಂಡೂರಿ ನೀರಿಗಾಗಿ ನರಗುಂದದಲ್ಲಿ ರೈತರು ದೀರ್ಘಕಾಲ ಸತ್ಯಾಗ್ರಹ ಕುಳಿತದ್ದನ್ನೂ ನಾಡು ಕಂಡಿರುವದು.

ಇತ್ತ ಹಾಲಂಡ ದೇಶವನ್ನು ನೋಡಿರಿ. ಅಲ್ಲಿಯ ನೆಲದ ದೊಡ್ಡ ಭಾಗವು ಸಮುದ್ರದ ಮಟ್ಟಕ್ಕಿಂತ ಕೆಳಗಿರುವದು. ನೀರನ್ನು ಹೊರಹಾಕುವದು, ಉಪ್ಪನ್ನು ತೊಳೆಯುವದು ಅವರಿಗೆ ಜೀವನ್ಮರಣದ ವಿದ್ಯೆ. ಅಲ್ಲಿಯ ಡೆಲ್ಫ್ಟ್ ನಗರದಲ್ಲಿ 1957ರಿಂದ ಪರದೇಶದ ವಿದ್ಯಾರ್ಥಿಗಳಿಗೆ ಜಲಶಾಸ್ತ್ರವನ್ನು ಬೋಧಿಸುವ ಸಂಸ್ಥೆ ನಡೆದುಬಂದಿರುವದು. ವಾಗೆನಿಂಗೆನ್ನಿನ ವಿದ್ಯಾಪೀಠವು ಕೃಷಿ ಮತ್ತು ಮೃತ್ತಿಕಾಶಾಸ್ತ್ರಗಳಿಗೆ ಹೆಸರಾಗಿರುವದು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಯಂತ್ರಗಳು ತಿರುಗುತ್ತಿರುವವು; ಆ ಯಂತ್ರವಿದ್ಯೆಯಲ್ಲಿ ಡೆನ್ಮಾರ್ಕ ದೇಶವು ಮುಂದು. ನರಗುಂದದ ಜವಳು ಹೊಲವನ್ನು ಕಣ್ಣಾರೆ ಕಂಡ ಹುಡುಗನು ಡೆಲ್ಫ್ಟಿನಲ್ಲಿ ಕೇಳುವ ಪ್ರಶ್ನೆಯನ್ನು ಅಲ್ಲಿಯ ಹುಡುಗನು ಕೇಳಲಾರನು. ಅವನ ಉದ್ದೇಶಪತ್ರಕ್ಕೆ ಆ ಹೊಲವೇ ಪೀಠಿಕೆ. ಇದೇ ಸಂಬಂಧ.

ಸಂಬಂಧವನ್ನು ನೋಡದೆ ತಂದ ವಿದ್ಯೆಯ ಗತಿಯನ್ನೂ ಈ ಜಿಲ್ಲೆಗಳು ಬಲ್ಲವು. 1840ರ ದಶಕದಲ್ಲಿ ಕುಂಪಣಿ ಸರಕಾರವು ಅಮೆರಿಕದ ಹತ್ತಿಯ ಬೆಳೆಗಾರರನ್ನು ಧಾರವಾಡ ಜಿಲ್ಲೆಗೆ ಕರೆಸಿತು. ಅವರ ಬೇಸಾಯದ ರೀತಿಯು ಇಲ್ಲಿ ಬೇರು ಬಿಡಲಿಲ್ಲ. ಅವರ ಬೀಜ ಮಾತ್ರ ಬೇರೂರಿತು, ಏಕೆಂದರೆ ಇಲ್ಲಿಯ ರೈತನು ಅದನ್ನು ತನ್ನ ಮಳೆಗೂ ತನ್ನ ಕೂರಿಗೆಗೂ ಹೊಂದಿಸಿಕೊಂಡನು. ಧಾರವಾಡ-ಅಮೆರಿಕನ್ ಎಂಬ ಹತ್ತಿ ಹೆಸರಾದದ್ದು ಹೀಗೆ. ಬೀಜ ಪರದೇಶದ್ದಾಗಬಹುದು, ಹದ ಈ ನೆಲದ್ದೇ ಆಗಬೇಕು.

ಪ್ರಯೋಜನ

ಕೊನೆಯದು ಪ್ರಯೋಜನ. ಇಲ್ಲಿ ವಿದ್ಯಾರ್ಥಿಗಳು ಬಾಯಲ್ಲಿ ಒಂದನ್ನು ಹೇಳಿ ಮನಸ್ಸಿನಲ್ಲಿ ಇನ್ನೊಂದನ್ನು ಇಟ್ಟುಕೊಳ್ಳುವದು ವಿಶೇಷ. ಒಬ್ಬನಿಗೆ ಹೆಚ್ಚಿನ ಸಂಬಳ ಬೇಕು. ಅದು ಪಾಪವಲ್ಲ, ಎರಡು ಎಕರೆ ಒಣಬೇಸಾಯದ ಮನೆಗೆ ದುಡಿಯುವ ಕೈ ಬೇಕು. ಕಾಯಕದಿಂದ ಬಂದ ಹಣವು ಹೀನವೆಂದು ಶರಣರು ಹೇಳಲಿಲ್ಲ. ಆದರೆ ಸಂಬಳವೇ ಪ್ರಯೋಜನವಾದರೆ ಅದನ್ನು ಸಂಬಳದ ಲೆಕ್ಕದಿಂದಲೇ ಅಳೆಯಬೇಕು: ಸಾಲವೆಷ್ಟು, ಬಡ್ಡಿಯೆಷ್ಟು, ಅಲ್ಲಿ ಉದ್ಯೋಗಕ್ಕೆ ಅನುಮತಿ ಎಷ್ಟು ದಿನ, ಉದ್ಯೋಗ ಸಿಗದಿದ್ದರೆ ತೀರಿಸುವವರಾರು? ಏಳೂವರೆ ಲಕ್ಷ ರೂಪಾಯಿಗಳನ್ನು ಮೀರಿದ ವಿದ್ಯಾಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆಯನ್ನು ಕೇಳುವವು. ಭದ್ರತೆಯೆಂದರೆ ಆ ಮನೆಯಲ್ಲಿ ಮಲಗಿರುವ ಅಜ್ಜಿ, ಇನ್ನೂ ಸಾಲೆ ಕಲಿಯುವ ತಂಗಿ. ಮಗನು ತನ್ನ ರುಜುವಿನ ಕೆಳಗೆ ತಂದೆಯ ಹೆಬ್ಬೆಟ್ಟು ಬೀಳುವದನ್ನು ಕಣ್ಣಿಟ್ಟು ನೋಡಬೇಕು.

ಮತ್ತೊಬ್ಬನಿಗೆ ಪ್ರತಿಷ್ಠೆ ಬೇಕು. ನೆರೆಮನೆಯವನು ಹೋದನು, ಆದುದರಿಂದ ತಾನೂ ಹೋಗಬೇಕು. ಇಂಥವನಿಗಾಗಿಯೇ ಪಟ್ಟಣಗಳಲ್ಲಿ ದಲ್ಲಾಳಿಗಳು ಅಂಗಡಿ ತೆರೆದಿರುವರು. ಪ್ರವೇಶ ಕೊಡಿಸಿದ್ದಕ್ಕೆ ಆ ವಿದ್ಯಾಪೀಠದಿಂದ ದಲ್ಲಾಳಿಗೆ ದಸ್ತೂರಿ ಬರುವದುಂಟು. ಆದುದರಿಂದ ಅವನ ಸಲಹೆಯನ್ನು ಸಂತೆಯಲ್ಲಿ ಎತ್ತು ಮಾರುವವನ ಮಾತಿನಂತೆಯೇ ಹಲ್ಲು ಹಿಡಿದು ನೋಡಿ ತೆಗೆದುಕೊಳ್ಳಬೇಕು. ಇನ್ನೊಬ್ಬನಿಗೆ ಬೇಕಾದದ್ದು ಬಿಡುಗಡೆ: ಜಾತಿಯ ಕಣ್ಣು, ಊರಿನ ಬಾಯಿ, ಕಟ್ಟಾಯದ ಮದುವೆ ಇವುಗಳಿಂದ ದೂರ. ಇದನ್ನು ಹಿರಿಯರು ಬೈದು ತಳ್ಳಬಾರದು. ಮಕ್ಕಳು ಓಡಿಹೋಗಬೇಕೆಂದು ಬಯಸುವಂಥ ಊರನ್ನು ಕಟ್ಟಿದವರು ಹಿರಿಯರೇ. ಆದರೆ ವಿದ್ಯಾರ್ಥಿಯೂ ತಿಳಿಯಬೇಕು: ಓಡುವದು ಹೊರಡುವದಕ್ಕೆ ಕಾರಣವಾದೀತು, ಓದುವದಕ್ಕೆ ಕಾರಣವಾಗಲಾರದು. ಅಲ್ಲಿಗೆ ಮುಟ್ಟಿದ ಮರುದಿನ ಆ ಕಾರಣವು ತೀರಿಹೋಗುವದು. ಆಮೇಲೆ ಎರಡು ವರ್ಷ ಅವನನ್ನು ಪುಸ್ತಕದ ಮುಂದೆ ಕುಳ್ಳಿರಿಸುವದು ಯಾವದು?

ಇನ್ನು ಮರಳಿ ಬರುವ ಮಾತು. ಪಾವಟೆಯವರು ಮರಳಿ ಬಂದರು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಬೋಧಿಸಿ, ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿ ದುಡಿದು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡದ ಬೋಳುಗುಡ್ಡದ ಮೇಲೆ ವಿದ್ಯಾನಗರವನ್ನೇ ನಿಲ್ಲಿಸಿದರು. ಒಬ್ಬನು ಕೇಂಬ್ರಿಜ್ಜಿಗೆ ಹೋದ ಫಲವಾಗಿ ಸಾವಿರಾರು ಮಕ್ಕಳು ಕೇಂಬ್ರಿಜ್ಜಿಗೆ ಹೋಗದೆಯೇ ಉಚ್ಚ ವ್ಯಾಸಂಗವನ್ನು ಪಡೆದರು. ಅವರ ಹೆಸರಿನ ಶಿಷ್ಯವೃತ್ತಿಯಿಂದ ಇಲ್ಲಿಯವರು ಅದೇ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿಬರುವ ಏರ್ಪಾಡೂ ಆಗಿರುವದು. ಪ್ರಯೋಜನವೆಂದರೆ ಇದು.

ಆದರೆ ಮರಳದವರೆಲ್ಲರೂ ಋಣಗೇಡಿಗಳೆಂದು ಹೇಳುವದು ಸರಿಯಲ್ಲ. ಮೈಸೂರಿನ ಎ. ಕೆ. ರಾಮಾನುಜನ್ನರು 1959ರಲ್ಲಿ ಅಮೆರಿಕಕ್ಕೆ ಹೋದರು, ಇಂಡಿಯಾನಾದಲ್ಲಿ ಭಾಷಾಶಾಸ್ತ್ರವನ್ನು ಓದಿದರು, ಶಿಕಾಗೋದಲ್ಲಿ ಅಧ್ಯಾಪಕರಾಗಿ 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ 1973ರಲ್ಲಿ ಪ್ರಕಟವಾದ ಅವರ 'ಸ್ಪೀಕಿಂಗ್ ಆಫ್ ಶಿವ' ಎಂಬ ಇಂಗ್ಲಿಷ್ ಅನುವಾದದಿಂದ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ, ದೇವರ ದಾಸಿಮಯ್ಯ ಇವರ ವಚನಗಳನ್ನು ಜಗತ್ತಿನ ಓದುಗರು ಅರಿತರು. ಅವರ ದೇಹ ಮರಳಲಿಲ್ಲ, ಅವರ ಕಾಯಕ ಮರಳಿತು. ಮರಳುವದಕ್ಕೆ ವಿಮಾನವೊಂದೇ ದಾರಿಯಲ್ಲ.

ಹಾಗಾದರೆ ಋಣವು ಯಾರದು? ಈ ಸೀಮೆಯಲ್ಲಿ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರ ಸಂಖ್ಯೆ ಸಣ್ಣದಲ್ಲ. ಆ ನಿಲಯದ ಜೋಳವು ಆಕಾಶದಿಂದ ಬೀಳಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದ ಜಂಗಮರ ಜೋಳಿಗೆಗೆ ರೈತನು ಮೊದಲ ಮೊರವನ್ನು ಸುರಿದನು. ಕಂತಿಭಿಕ್ಷೆಗೆ ಬಂದ ಮರಿಗೆ ತಾಯಿ ತನ್ನ ಮಕ್ಕಳ ಪಾಲಿನ ರೊಟ್ಟಿಯನ್ನು ಮುರಿದು ನೀಡಿದಳು. ಅವಳ ಮಗನು ಓದಲಿಲ್ಲ. ಅವಳು ನೀಡಿದ ರೊಟ್ಟಿಯಿಂದ ಇನ್ನೊಬ್ಬಳ ಮಗನು ಓದಿದನು. ಉದ್ದೇಶಪತ್ರದಲ್ಲಿ ಆ ತಾಯಿಯ ಹೆಸರು ಬರಲಾರದು. ಆದರೆ ಅದನ್ನು ಬರೆಯುವವನ ನೆನಪಿನಲ್ಲಿ ಆಕೆ ಇರದಿದ್ದರೆ ಆ ಪತ್ರವು ಅರ್ಧ ಸುಳ್ಳು.

ಹಣವಿಲ್ಲದವನಿಗೂ ದಾರಿಗಳುಂಟು. ಜೆ. ಎನ್. ಟಾಟಾ ಅವರ ದತ್ತಿಯು 1892ರಿಂದ ಪರದೇಶ ವ್ಯಾಸಂಗಕ್ಕೆ ಸಾಲರೂಪದ ನೆರವನ್ನು ಕೊಡುತ್ತ ಬಂದಿರುವದು. ಇಂಗ್ಲಂಡಕ್ಕೆ ಕಾಮನ್‌ವೆಲ್ತ್ ಹಾಗೂ ಚೀವನಿಂಗ್ ವಿದ್ಯಾರ್ಥಿವೇತನಗಳೂ, ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಶಿಷ್ಯವೃತ್ತಿಯೂ ಉಂಟು. ಜರ್ಮನಿಯ ಹೆಚ್ಚಿನ ಸರಕಾರಿ ವಿದ್ಯಾಪೀಠಗಳಲ್ಲಿ ಬೋಧನಶುಲ್ಕವಿಲ್ಲ;ಆದರೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಕಾದಿಟ್ಟು ತೋರಿಸಬೇಕು. ಪರಿಶಿಷ್ಟ ಜಾತಿಗಳ ಮಕ್ಕಳಿಗೆ ಭಾರತ ಸರಕಾರದ ಸಾಗರೋತ್ತರ ವಿದ್ಯಾರ್ಥಿವೇತನವಿರುವದು. ಇವೆಲ್ಲವುಗಳ ಬಾಗಿಲಲ್ಲಿಯೂ ಕೇಳುವದು ಅದೇ ನಾಲ್ಕು ಪ್ರಶ್ನೆಗಳನ್ನು.

ಆದುದರಿಂದ ವಿದ್ಯಾರ್ಥಿಯಾದವನು ತನ್ನ ಉದ್ದೇಶಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವ ಮುನ್ನ ಒಂದು ಸಲ ಕನ್ನಡದಲ್ಲಿ ಬರೆಯಲಿ. ಬರೆದು ತಂದೆ-ತಾಯಿಗಳ ಮುಂದೆ ಕುಳಿತು ಗಟ್ಟಿಯಾಗಿ ಓದಲಿ. ಯಾವ ವಾಕ್ಯವನ್ನು ಅವರ ಮುಂದೆ ಓದಲು ನಾಲಿಗೆ ಹಿಂಜರಿಯುವದೋ ಆ ವಾಕ್ಯವನ್ನು ಹೊಡೆದುಹಾಕಲಿ. ಉಳಿದುದು ನಾಲ್ಕೇ ಸಾಲಾದರೂ ಅದು ಸತ್ಯವಾಗಿರುವದು. ಆ ನಾಲ್ಕು ಸಾಲಿಗೆ ಯಾವ ದೇಶದ ಆಚಾರ್ಯನೂ ಕಿವಿಗೊಡುವನು. ಏನೂ ಉಳಿಯದೆ ಹೋದರೆ ಒಂದು ವರ್ಷ ಇಲ್ಲಿಯೇ ದುಡಿದು, ಓದಿ, ಪ್ರಶ್ನೆಯನ್ನು ಹುಡುಕಿಕೊಳ್ಳಲಿ. ಸಮುದ್ರವು ಬತ್ತಿಹೋಗುವದಿಲ್ಲ. ತಂದೆಯಾದವನೂ ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರ ಬರುವವರೆಗೆ ತಾಳ್ಮೆಯಿಂದ ಕುಳಿತುಕೊಳ್ಳಲಿ. ಉತ್ತರವು ಸರಿಯಾಗಿ ಬಂದರೆ, ಹೊಲದ ಲೆಕ್ಕವನ್ನು ಕೂಡಿಸಿ ನೋಡಿ, ಒಪ್ಪಿ ಹರಸಿ ಕಳುಹಲಿ. ಮಠಗಳೂ ಸಂಘಗಳೂ ಅನ್ನದ ಸಂಗಡ ಈ ವಿಚಾರವನ್ನೂ ವಿದ್ಯಾರ್ಥಿಗಳಿಗೆ ಬಡಿಸಲಿ.

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವರು. ಕೋಶವಿಲ್ಲದ ದೇಶಸಂಚಾರವು ತಿರುಗಾಟ. ದೇಶದ ನೆನಪಿಲ್ಲದ ಕೋಶವು ಭಾರ. ಈ ಸೀಮೆಯ ಮಕ್ಕಳು ಎಲ್ಲಿಗೇ ಹೋಗಲಿ, ಎರಡನ್ನೂ ಕೂಡಿಸಿಕೊಂಡು ಹೋಗಲಿ; ಕಲಿತ ವಿದ್ಯೆಯು ಅವರಿಗೂ ಅವರನ್ನು ಹೊತ್ತ ನೆಲಕ್ಕೂ ಫಲಿಸಲಿ.

ಸರ್ವರಿಗೂ ಶಿವಮಸ್ತು.